ಸ್ವಂತ ಗಾಲ್ಫ್ ಕೋರ್ಸ್ ಇಲ್ಲದ ಕಾಲೇಜಿಗೆ ಮಗಳನ್ನು ಕಳಿಸಬಹುದೇ?

ಪ್ರಶ್ನೆ: ನನ್ನ ಮಗಳಿಗೆ ಹದಿನಾರು ವರ್ಷ. ಮೈಸೂರಿನಲ್ಲಿ ಗಾಲ್ಫ್ ಕಲಿತವಳು, ಈಗ ಪ್ರಥಮ ಪಿಯುಸಿ. ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಮಹಿಳಾ ತಂಡದ ಕೋಚ್‌ಗಳು ಅವಳಲ್ಲಿ ಆಸಕ್ತಿ ತೋರಿಸಿದ್ದಾರೆ. ಒಂದು ದಕ್ಷಿಣದ ಬಿಸಿಲು ಸೀಮೆಯದು. ಸ್ವಂತ 18 ಹೋಲ್‌ಗಳ ಕೋರ್ಸ್ ಇದೆ, ತಂಡಕ್ಕೆ ಮೀಸಲಾದ ಭವ್ಯ ಅಭ್ಯಾಸ ಕೇಂದ್ರವೂ ಇದೆ. ಇನ್ನೊಂದು ಉತ್ತರದ ಚಳಿಯ ಊರಿನದು. ಸ್ವಂತ ಕೋರ್ಸ್ ಇಲ್ಲ, ಸುತ್ತಲಿನ ಮೂರು ಕ್ಲಬ್‌ಗಳಲ್ಲಿ ಆಡುತ್ತಾರೆ, ಕ್ಯಾಂಪಸ್ಸಿನಲ್ಲಿ ಒಳಾಂಗಣ ಕೇಂದ್ರವೊಂದಿದೆ. ವಿದ್ಯಾರ್ಥಿವೇತನ ಹೆಚ್ಚು ಸಿಗುವುದು ಎರಡನೆಯ ಕಡೆ. ಆದರೆ ಮೊದಲನೆಯದರ ವಿಡಿಯೊ ನೋಡಿದಂದಿನಿಂದ ಮಗಳ ಮನಸ್ಸೆಲ್ಲ ಅಲ್ಲೇ ಇದೆ. ತವರು ಕೋರ್ಸಿಗೂ ಅಭ್ಯಾಸದ ಸೌಲಭ್ಯಕ್ಕೂ ಎಷ್ಟು ತೂಕ ಕೊಡಬೇಕು? ಭೇಟಿಗೆ ಹೋದಾಗ ಏನನ್ನು ನೋಡಬೇಕು?

ಉತ್ತರ: ಕೋರ್ಸ್ ಯಾರ ಹೆಸರಿನಲ್ಲಿದೆ ಎಂಬುದಕ್ಕೆ ನೀವು ಈಗ ಕೊಡುತ್ತಿರುವುದಕ್ಕಿಂತ ಬಹಳ ಕಡಿಮೆ ತೂಕ ಕೊಡಿ. ಅಭ್ಯಾಸದ ಜಾಗಕ್ಕೆ ಹೆಚ್ಚು ಕೊಡಿ. ಆ ಜಾಗಕ್ಕೆ ನಿಮ್ಮ ಮಗಳು ತನಗೆ ಬೇಕಾದ ಹೊತ್ತಿನಲ್ಲಿ, ಯಾರನ್ನೂ ಕಾಡದೆ ಬೇಡದೆ ಹೋಗಿ ಬರಬಹುದೇ ಎಂಬುದಕ್ಕೆ ಎಲ್ಲಕ್ಕಿಂತ ಹೆಚ್ಚು ಕೊಡಿ. ವಿಡಿಯೊದಲ್ಲಿ ಕಾಣದೇ ಇರುವುದು ಈ ಮೂರನೆಯದೇ.

ನಾವು ಕ್ರಿಕೆಟ್ ನೋಡಿ ಬೆಳೆದವರು. ತವರು ಎಂದ ಕೂಡಲೇ ನಮಗೆ ಪರಿಚಿತ ಪಿಚ್ಚು, ಪರಿಚಿತ ಪ್ರೇಕ್ಷಕರು, ಅರ್ಧ ಗೆದ್ದಂತಹ ಪಂದ್ಯ ನೆನಪಾಗುತ್ತವೆ. ಕಾಲೇಜು ಗಾಲ್ಫಿನಲ್ಲಿ ಅಂಥದ್ದೇನೂ ಇಲ್ಲ. ತಂಡವೊಂದು ವರ್ಷಕ್ಕೆ ಹತ್ತು ಹನ್ನೆರಡು ಟೂರ್ನಿಗಳನ್ನು ಆಡುತ್ತದೆ. ಅವುಗಳಲ್ಲಿ ತನ್ನ ಕೋರ್ಸಿನಲ್ಲಿ ನಡೆಯುವುದು ಹೆಚ್ಚೆಂದರೆ ಒಂದು. ಉಳಿದವೆಲ್ಲ ಬೇರೆ ರಾಜ್ಯಗಳಲ್ಲಿ, ಬೇರೆ ಹುಲ್ಲಿನ ಮೇಲೆ, ಎರಡು ಮೂರು ದಿನಗಳಲ್ಲಿ 54 ಹೋಲ್‌ಗಳಂತೆ, ಅಂದರೆ ಮೂರು ಸುತ್ತುಗಳಂತೆ ನಡೆಯುತ್ತವೆ. ರಾಷ್ಟ್ರೀಯ ಚಾಂಪಿಯನ್‌ಷಿಪ್ 2024ರಿಂದ ಕ್ಯಾಲಿಫೋರ್ನಿಯಾದ ಲಾ ಕೋಸ್ಟಾದಲ್ಲಿ ನಡೆಯುತ್ತಿದೆ, ಅದು ಯಾವ ಕಾಲೇಜಿನ ಸ್ವತ್ತೂ ಅಲ್ಲ. ಹಾಗಾಗಿ ತವರು ಕೋರ್ಸಿನ ಪ್ರತಿ ಏರಿಳಿತವನ್ನೂ ಬಲ್ಲವಳಾದರೆ ಅದರಿಂದ ವರ್ಷಕ್ಕೆ ಮೂರು ದಿನ ಉಪಯೋಗವಾಗಬಹುದು, ಅಷ್ಟೇ.

ಆ ಮೂರು ದಿನದ ಲಾಭವೂ ಖಚಿತವಲ್ಲ. ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದ ಕಾರ್ಸ್ಟನ್ ಕ್ರೀಕ್ ಅನ್ನು ನೋಡಿ. ಕಾಲೇಜು ತಂಡಕ್ಕೆಂದೇ ಕಟ್ಟಿದ ಕೋರ್ಸುಗಳ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ಅದು. ಟಾಮ್ ಫಾಜಿಯೊ ವಿನ್ಯಾಸ ಮಾಡಿದ್ದು, 1994ರಲ್ಲಿ ತೆರೆದದ್ದು. ಗಾಲ್ಫ್ ಸಾಧನ ತಯಾರಿಸುವ ಪಿಂಗ್ ಕಂಪನಿಯ ಸ್ಥಾಪಕ ಕಾರ್ಸ್ಟನ್ ಸೋಲ್‌ಹೈಮ್ ಅವರ ಹೆಸರು ಹೊತ್ತದ್ದು. ಸುತ್ತಲೂ ದಟ್ಟ ಮರಗಳು, ಇಕ್ಕಟ್ಟಾದ ಫೇರ್‌ವೇಗಳು, ಅಂದರೆ ಚೆಂಡು ಬೀಳಬೇಕಾದ ಹುಲ್ಲಿನ ಪಟ್ಟಿಗಳು. ಚೆಂಡು ಸ್ವಲ್ಪ ಆಚೀಚೆ ಹೋದರೂ ಹುಡುಕುವುದು ವ್ಯರ್ಥ. ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅಲ್ಲಿ ಮೂರು ಬಾರಿ ನಡೆಯಿತು. 2003ರಲ್ಲಿ ಗೆದ್ದದ್ದು ಕ್ಲೆಮ್ಸನ್. 2011ರಲ್ಲಿ ಆತಿಥೇಯರನ್ನು ಸೆಮಿಫೈನಲ್‌ನಲ್ಲೇ ಮನೆಗೆ ಕಳಿಸಿದ್ದು ಆಗಸ್ಟಾ ಸ್ಟೇಟ್ ಎಂಬ ಪುಟ್ಟ ಸಂಸ್ಥೆ, ಉಳಿದ ಆಟಗಳಲ್ಲಿ ಎರಡನೆಯ ದರ್ಜೆಯಲ್ಲಿ ಆಡುತ್ತಿದ್ದ ಕಾಲೇಜು. ಮನೆಗೆ ಕಳಿಸಿದರು ಎಂದೆ, ಆದರೆ ಅವರು ಮನೆಯಲ್ಲೇ ಇದ್ದರು! ಒಕ್ಲಹೋಮಾ ಸ್ಟೇಟ್‌ನವರು ತಮ್ಮ ಅಂಗಳದಲ್ಲಿ ಗೆದ್ದದ್ದು 2018ರಲ್ಲಿ, ಫೈನಲ್‌ನಲ್ಲಿ ಅಲಬಾಮಾವನ್ನು 5-0 ಅಂತರದಿಂದ, ಅಂದರೆ ಒಬ್ಬರಿಗೊಬ್ಬರು ಆಡುವ ಐದೂ ಪಂದ್ಯಗಳಲ್ಲಿ ಮಣಿಸಿ.

ಇನ್ನೊಂದು ಲೆಕ್ಕ ಇದಕ್ಕಿಂತ ಸ್ವಾರಸ್ಯವಾದದ್ದು. 2025ರ ಗೆಲುವೂ ಸೇರಿ ಒಕ್ಲಹೋಮಾ ಸ್ಟೇಟ್ ಪುರುಷರ ತಂಡ 12 ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿದೆ. ಅವುಗಳಲ್ಲಿ ಏಳು ಬಂದದ್ದು ಕಾರ್ಸ್ಟನ್ ಕ್ರೀಕ್ ತೆರೆಯುವ ಮುಂಚೆ. ಎಂಟು ಪ್ರಶಸ್ತಿಗಳನ್ನು ತಂದುಕೊಟ್ಟ ಕೋಚ್ ಮೈಕ್ ಹೋಲ್ಡರ್ ಅವರೇ ಈ ಕೋರ್ಸಿಗಾಗಿ ದಾನಿಗಳ ಬಾಗಿಲು ತಟ್ಟಿ ಹಣ ಕೂಡಿಸಿದವರು. ಗೆಲ್ಲುವ ತಂಡ ಮೊದಲು ಬಂತು, ಕೋರ್ಸ್ ಆಮೇಲೆ ಬಂತು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಇದೇ ಸಾಮಾನ್ಯ ಕ್ರಮ. ದಾನಿ ಹಣ ಸುರಿಯುವುದು ಗೆದ್ದವರ ಮೇಲೆ. ವಿಡಿಯೊ ನೋಡುವ ನಾವು ಮಾತ್ರ ಕಟ್ಟಡದಿಂದ ಗೆಲುವು ಬಂತು ಎಂದುಕೊಳ್ಳುತ್ತೇವೆ.

ಹಾಗಾದರೆ ತವರು ಕೋರ್ಸಿಗೆ ಮಹತ್ವವೇ ಇಲ್ಲವೇ? ಇದೆ, ಆದರೆ ಅದು ಬೇರೆ ಕಾರಣಕ್ಕೆ. ಈ ಕಾರಣವನ್ನು ಕೋಚ್‌ಗಳು ತಾವಾಗಿ ಹೇಳುವುದು ಕಡಿಮೆ. ಟೂರ್ನಿಗೆ ಪ್ರಯಾಣ ಮಾಡುವುದು ಐದು ಜನ, ಪ್ರತಿ ಸುತ್ತಿನಲ್ಲಿ ಲೆಕ್ಕಕ್ಕೆ ಬರುವುದು ಅವರಲ್ಲಿ ನಾಲ್ವರ ಉತ್ತಮ ಸ್ಕೋರುಗಳು. ತಂಡದಲ್ಲಿ ಎಂಟೋ ಒಂಬತ್ತೋ ಜನ ಇರುತ್ತಾರೆ. ಆ ಐವರನ್ನು ಆರಿಸಲು ಬಹುತೇಕ ತಂಡಗಳು ಟೂರ್ನಿಗೆ ಮುಂಚೆ ತಮ್ಮತಮ್ಮಲ್ಲೇ ಅರ್ಹತಾ ಸುತ್ತುಗಳನ್ನು ಆಡಿಸುತ್ತವೆ. ಆ ಸುತ್ತುಗಳು ನಡೆಯುವುದು ತವರು ಕೋರ್ಸಿನಲ್ಲಿ. ಅಂದರೆ ನಿಮ್ಮ ಮಗಳು ಆ ಕೋರ್ಸಿನಲ್ಲಿ ಸೆಣಸುವುದು ಬೇರೆ ಕಾಲೇಜಿನವರೊಂದಿಗಲ್ಲ, ತನ್ನ ಕೋಣೆಯ ಗೆಳತಿಯೊಂದಿಗೆ.

ಆದ್ದರಿಂದ ಕೇಳಬೇಕಾದದ್ದು ಕೋರ್ಸ್ ಎಷ್ಟು ಚೆನ್ನಾಗಿದೆ ಎಂದಲ್ಲ, ಅದು ಯಾರ ಆಟಕ್ಕೆ ಒಗ್ಗುತ್ತದೆ ಎಂದು. ಅವಳು ನೇರವಾಗಿ, ಆದರೆ ಗಿಡ್ಡವಾಗಿ ಹೊಡೆಯುವವಳಾಗಿದ್ದು, ತವರು ಕೋರ್ಸ್ ಅಗಲವಾಗಿ ಉದ್ದವಾಗಿ ಹರಡಿದ್ದರೆ, ದೂರ ಹೊಡೆಯುವ ಹುಡುಗಿಯರು ಪ್ರತಿ ಅರ್ಹತಾ ಸುತ್ತಿನಲ್ಲೂ ಅವಳಿಗಿಂತ ಎರಡು ಅಳತೆ ಚಿಕ್ಕದಾದ, ಗುರಿ ಹಿಡಿಯಲು ಸುಲಭವಾದ ಕೋಲಿನಿಂದ ಗ್ರೀನಿಗೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ ಹೊಡೆಯುತ್ತಾರೆ. ಮಹಿಳೆಯರ ದೊಡ್ಡ ಕಾಲೇಜು ಟೂರ್ನಿಗಳಲ್ಲಿ ಕೋರ್ಸಿನ ಉದ್ದ ಸುಮಾರು 6,200ರಿಂದ 6,400 ಗಜ ಇರುತ್ತದೆ. ಇಲ್ಲಿ ಮೈಸೂರಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿರುವ ಊರಿನಲ್ಲಿ ಚೆಂಡು ಶೇಕಡಾ ಮೂರರಷ್ಟು ಹೆಚ್ಚು ದೂರ ಹಾರುತ್ತದೆ. ಫ್ಲೋರಿಡಾದಂಥ ಕರಾವಳಿ ಬಯಲಿನಲ್ಲಿ ಆ ಗಜಗಳು ಕರಗಿಹೋಗುತ್ತವೆ. ಅವಳ ಐರನ್ ಕೋಲುಗಳಿಂದ ಚೆಂಡು ಹೋಗುವ ದೂರವನ್ನು ಕೋಚ್‌ಗೆ ಬರೆದು ಕಳಿಸಿದ್ದರೆ ಇದನ್ನೂ ತಿಳಿಸಿ. ಮುಚ್ಚಿಟ್ಟರೆ ಮೊದಲ ವಾರದಲ್ಲೇ ಬಯಲಾಗುತ್ತದೆ.

ಹಾಗಾಗಿ ಎರಡೂ ಕೋಚ್‌ಗಳಿಗೆ ಈ ಮೂರು ಪ್ರಶ್ನೆಗಳನ್ನು ಇವತ್ತೇ ಬರೆದು ಕಳಿಸಿ. ಅರ್ಹತಾ ಸುತ್ತುಗಳು ಎಲ್ಲಿ ನಡೆಯುತ್ತವೆ? ಐವರಲ್ಲಿ ಎಷ್ಟು ಸ್ಥಾನ ಆ ಸುತ್ತುಗಳಿಂದ ತುಂಬುತ್ತದೆ, ಎಷ್ಟು ಕೋಚ್ ಆಯ್ಕೆಯಿಂದ? ಕಳೆದ ವರ್ಷ ಅರ್ಹತೆಯ ಅಂಚಿನಲ್ಲಿ ಉಳಿದವರಿಗೆ ಎಷ್ಟು ಟೂರ್ನಿ ಸಿಕ್ಕಿತು? ಮೂರು ಬೇರೆ ಬೇರೆ ಕ್ಲಬ್‌ಗಳಲ್ಲಿ ಅರ್ಹತಾ ಸುತ್ತು ಆಡಿಸುವ ತಂಡ, ನನ್ನ ಮಟ್ಟಿಗೆ, ಒಂದೇ ಕೋರ್ಸಿನಲ್ಲಿ ಆಡಿಸುವ ತಂಡಕ್ಕಿಂತ ನ್ಯಾಯವಾದದ್ದು. ಒಂದು ಕೋರ್ಸ್ ಒಬ್ಬಳಿಗೆ ಒಲಿಯಬಹುದು, ಮೂರೂ ಒಬ್ಬಳಿಗೇ ಒಲಿಯುವುದು ಅಪರೂಪ. ನಿಮ್ಮ ಉತ್ತರದ ಕಾಲೇಜಿನ ಕೊರತೆ ಎಂದು ನೀವು ಬರೆದದ್ದು ಈ ವಿಷಯದಲ್ಲಿ ಅದರ ಬಲವೇ ಇರಬಹುದು.

ಇನ್ನು ಪ್ರವೇಶದ ವಿಚಾರ. ವಿಶ್ವವಿದ್ಯಾಲಯದ ಕೋರ್ಸ್ ಎಂದರೆ ತಂಡದ ಕೋರ್ಸ್ ಎಂದಲ್ಲ. ಹುಲ್ಲು ಕತ್ತರಿಸಲು, ನೀರು ಹಾಯಿಸಲು, ಸಿಬ್ಬಂದಿಗೆ ಸಂಬಳ ಕೊಡಲು ಹಣ ಬೇಕು. ಅದು ಬರುವುದು ಸದಸ್ಯರಿಂದ, ಶುಲ್ಕ ಕೊಟ್ಟು ಆಡುವ ಸಾರ್ವಜನಿಕರಿಂದ, ಕಂಪನಿಗಳು ಇಡೀ ದಿನಕ್ಕೆ ಕಾದಿರಿಸುವ ಕೂಟಗಳಿಂದ. ಇವರೆಲ್ಲರ ನಂತರ ತಂಡಕ್ಕೆ ಉಳಿಯುವುದು ಎಷ್ಟು ಹೊತ್ತು? ತರಗತಿಗಳು ಮುಗಿದು ಹುಡುಗಿಯರು ಬಿಡುವಾಗುವುದು ಮಧ್ಯಾಹ್ನ ಒಂದೂವರೆಯಿಂದ ಎರಡರ ಸುಮಾರಿಗೆ. ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಆಟ ಶುರುಮಾಡುವ ಜಾಗವಾದ ಮೊದಲ ಟೀಯಲ್ಲಿ ಯಾರು ನಿಂತಿರುತ್ತಾರೆ, ತಂಡವೋ ನಿವೃತ್ತ ಸದಸ್ಯರೋ ಎಂದು ಕೇಳಿ. ಪುರುಷರ ತಂಡವೂ ಮಹಿಳೆಯರ ತಂಡವೂ ಒಂದೇ ಹೊತ್ತಿಗೆ ಬರುತ್ತವೆಯಾದರೆ ಯಾರಿಗೆ ಮೊದಲ ಹಕ್ಕು ಎಂದೂ ಕೇಳಿ. ಈ ಕೊನೆಯ ಪ್ರಶ್ನೆಗೆ ಕೋಚ್ ತಡವರಿಸಿದರೆ ಅದನ್ನೇ ಉತ್ತರ ಎಂದು ಗುರುತು ಹಾಕಿಕೊಳ್ಳಿ.

ಸಮಯದ ನಿಯಮವೂ ಇಲ್ಲಿ ಸೇರಿಕೊಳ್ಳುತ್ತದೆ. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ನಿಯಮದ ಪ್ರಕಾರ ಋತುವಿನಲ್ಲಿ ಕಡ್ಡಾಯ ಅಭ್ಯಾಸ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಅಭ್ಯಾಸದ ಸುತ್ತು ಆಡುವ ದಿನ 4 ಗಂಟೆ ದಾಟಬಹುದು, ವಾರದ ಮಿತಿ ಮಾತ್ರ ಹಾಗೆಯೇ ಇರುತ್ತದೆ. ವಾರಕ್ಕೊಂದು ದಿನ ಬಿಡುವು ಕೊಡಲೇಬೇಕು. ಎರಡು 18 ಹೋಲ್ ಸುತ್ತು, ವ್ಯಾಯಾಮಶಾಲೆ, ಸಭೆ ಇಷ್ಟಾದರೆ ಆ 20 ಗಂಟೆಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಆದರೆ ಆಟಗಾರ್ತಿ ತಾನಾಗಿಯೇ ಹೋಗಿ ಮಾಡುವ ಅಭ್ಯಾಸ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಾಲ್ಕು ವರ್ಷಗಳಲ್ಲಿ ಒಬ್ಬಳು ಎಷ್ಟು ಬೆಳೆಯುತ್ತಾಳೆ ಎಂಬುದು ಬಹುಮಟ್ಟಿಗೆ ಆ ಲೆಕ್ಕಕ್ಕೆ ಬಾರದ ಹೊತ್ತಿನಲ್ಲಿ ನಿರ್ಧಾರವಾಗುತ್ತದೆ. ಎರಡು ತರಗತಿಗಳ ನಡುವಿನ ಐವತ್ತು ನಿಮಿಷ, ರಾತ್ರಿ ಊಟದ ನಂತರದ ಒಂದು ಗಂಟೆ, ಭಾನುವಾರದ ಬೆಳಗು. ಹಾಸ್ಟೆಲಿನಿಂದ ಹತ್ತು ನಿಮಿಷ ನಡೆದರೆ ಸಿಗುವ, ತನ್ನ ಗುರುತಿನ ಚೀಟಿಯಿಂದಲೇ ಬಾಗಿಲು ತೆರೆಯುವ ಚೆಂಡನ್ನು ಕುಳಿಗೆ ಉರುಳಿಸುವುದನ್ನು ಅಭ್ಯಾಸ ಮಾಡುವ ಒಂದು ಸಾಧಾರಣ ಪಟ್ಟಿಂಗ್ ಕೋಣೆ, ಮೂವತ್ತು ನಿಮಿಷ ಕಾರಿನಲ್ಲಿ ಹೋಗಬೇಕಾದ ಅರಮನೆಯಂಥ ಕೇಂದ್ರಕ್ಕಿಂತ ಹೆಚ್ಚು ಬೆಲೆಬಾಳುತ್ತದೆ.

ಕಾರು ಎಂದಾಗ ಭಾರತೀಯ ಪೋಷಕರಿಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಅಮೆರಿಕದ ಹುಡುಗಿಯರಲ್ಲಿ ಬಹಳಷ್ಟು ಮಂದಿ ಮೊದಲ ವರ್ಷಕ್ಕೇ ಕಾರು ತರುತ್ತಾರೆ. ನಿಮ್ಮ ಮಗಳ ಬಳಿ ಅಲ್ಲಿನ ಚಾಲನಾ ಪರವಾನಗಿಯೂ ಇರುವುದಿಲ್ಲ, ಕಾರೂ ಇರುವುದಿಲ್ಲ. ಕೋರ್ಸ್ ಊರಾಚೆ ಇದ್ದರೆ ಅವಳು ತಂಡದ ವ್ಯಾನಿಗೆ ಕಾಯಬೇಕು, ಇಲ್ಲವೇ ಸಹ ಆಟಗಾರ್ತಿಯ ದಾಕ್ಷಿಣ್ಯಕ್ಕೆ ಬೀಳಬೇಕು. ಇನ್ನೂ ಅರ್ಧ ಗಂಟೆ ಚಿಪ್ಪಿಂಗ್, ಅಂದರೆ ಗ್ರೀನಿಗೆ ಹತ್ತಿರದಿಂದ ಚೆಂಡನ್ನು ಮೆಲ್ಲಗೆ ಹಾರಿಸುವ ಅಭ್ಯಾಸ ಮಾಡಬೇಕು ಎಂದು ಅವಳಿಗೆ ಅನ್ನಿಸಿದಾಗ ಕಾರಿನವಳು ಹೊರಟು ನಿಂತಿರುತ್ತಾಳೆ. ಕಳಿಸಿಕೊಟ್ಟ ಮಕ್ಕಳಿಂದ ನಾನು ಮೊದಲ ವರ್ಷದಲ್ಲಿ ಹೆಚ್ಚಾಗಿ ಕೇಳಿದ ದೂರು ಊಟದ್ದಲ್ಲ, ಚಳಿಯದ್ದಲ್ಲ, ಇದೇ. ನಿಮ್ಮ ಉತ್ತರದ ಕಾಲೇಜಿನ ಮೂರು ಕ್ಲಬ್‌ಗಳು ಕ್ಯಾಂಪಸ್ಸಿನಿಂದ ಎಷ್ಟು ದೂರ, ವ್ಯಾನ್ ಯಾವ ಹೊತ್ತಿಗೆ ಹೊರಟು ಯಾವ ಹೊತ್ತಿಗೆ ಮರಳುತ್ತದೆ, ಅಲ್ಲಿಗೆ ತಂಡದ ಹೊರತಾಗಿ ಒಬ್ಬಳೇ ಹೋಗಿ ಆಡಲು ಅನುಮತಿ ಇದೆಯೇ, ಮೂರನ್ನೂ ಕೇಳಿಕೊಳ್ಳಿ. ಖಾಸಗಿ ಕ್ಲಬ್‌ಗಳು ಕಾಲೇಜು ತಂಡವನ್ನು ಬಿಟ್ಟುಕೊಳ್ಳುವುದು ಸೌಜನ್ಯದಿಂದ. ಆ ಸೌಜನ್ಯ ಕೆಲವು ಕಡೆ ಸೋಮವಾರದಿಂದ ಗುರುವಾರದವರೆಗೆ ಮಾತ್ರ.

ಸ್ವಂತ ಕೋರ್ಸಿಲ್ಲದ ತಂಡಗಳು ಕೀಳು ಮಟ್ಟದವು ಎಂಬ ಭಯವಿದ್ದರೆ ಬಿಟ್ಟುಬಿಡಿ. ಪೆಪ್ಪರ್‌ಡೈನ್ ವಿಶ್ವವಿದ್ಯಾಲಯ ಮಾಲಿಬುವಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಗುಡ್ಡದ ಮೇಲಿದೆ. ಅದಕ್ಕೆ ಸ್ವಂತ ಕೋರ್ಸ್ ಇಲ್ಲ, ಆ ಸುತ್ತಿನ ಖಾಸಗಿ ಕ್ಲಬ್‌ಗಳಲ್ಲಿ ತಂಡ ಆಡುತ್ತದೆ. 2021ರಲ್ಲಿ ಪುರುಷರ ರಾಷ್ಟ್ರೀಯ ಪ್ರಶಸ್ತಿ ಅದರದ್ದಾಯಿತು. ಭಾರತೀಯ ಮೂಲದ ವೃತ್ತಿಪರ ಆಟಗಾರ ಸಾಹಿತ್ ತೀಗಲ ಓದಿದ್ದೂ ಅಲ್ಲಿಯೇ, ಅದಕ್ಕೂ ಹಿಂದಿನ ವರ್ಷ ಮುಗಿಸಿ ಹೊರಬಂದವರು. ಅರಿಜೋನ ಸ್ಟೇಟ್‌ನ ಕಥೆ ತಿರುವುಮುರುವು. ಪೀಟ್ ಡೈ ವಿನ್ಯಾಸ ಮಾಡಿದ ಅವರ ಸ್ವಂತ ಕೋರ್ಸ್ 1989ರಿಂದ ಇತ್ತು. ಊರು ಬೆಳೆದಂತೆ ಆ ಭೂಮಿಯ ಬೆಲೆ ಏರಿತು, 2019ರಲ್ಲಿ ಕೋರ್ಸನ್ನು ಮುಚ್ಚಿ ಜಾಗವನ್ನು ಬೇರೆ ನಿರ್ಮಾಣಗಳಿಗೆ ಬಿಟ್ಟರು. ತಂಡ ಫೀನಿಕ್ಸ್ ನಗರದ ಪಪಾಗೊ ಎಂಬ ಸಾರ್ವಜನಿಕ ಕೋರ್ಸಿಗೆ ಹೋಯಿತು. ಅಲ್ಲಿ ತಂಡಕ್ಕೆಂದು ಕಟ್ಟಿದ ಅಭ್ಯಾಸದ ಜಾಗದ ವಿನ್ಯಾಸದಲ್ಲಿ ಹಳೆಯ ವಿದ್ಯಾರ್ಥಿ ಫಿಲ್ ಮಿಕಲ್‌ಸನ್ ಕೈಜೋಡಿಸಿದರು. ಕೋರ್ಸ್ ಕಳೆದುಕೊಂಡ ಮೂರು ವರ್ಷಕ್ಕೆ, 2022ರಲ್ಲಿ, ಪುರುಷರ ತಂಡ ರಾಷ್ಟ್ರೀಯ ಫೈನಲ್ ಆಡಿ ಟೆಕ್ಸಸ್‌ಗೆ 3-2ರಿಂದ ಸೋತಿತು. ಕೋರ್ಸ್ ಹೋದರೂ ಅಭ್ಯಾಸದ ಜಾಗವನ್ನು ಅವರು ಬಿಟ್ಟುಕೊಡಲಿಲ್ಲ ಎಂಬುದನ್ನು ಗಮನಿಸಿ.

ಅಭ್ಯಾಸದ ಜಾಗದಲ್ಲಿ ನಾನು ಮೊದಲು ನೋಡುವುದು ಡ್ರೈವಿಂಗ್ ರೇಂಜನ್ನಲ್ಲ. ಚೆಂಡು ಹೊಡೆಯಲು ಜಾಗ ಎಲ್ಲ ಕಡೆ ಇರುತ್ತದೆ. ರೇಂಜಿನ ಬಗ್ಗೆ ಕೇಳಬೇಕಾದದ್ದು ಎರಡೇ: ಹುಲ್ಲಿನ ಮೇಲಿಂದ ಹೊಡೆಯುತ್ತಾರೋ ಚಾಪೆಯ ಮೇಲಿಂದಲೋ, ಟೂರ್ನಿಯಲ್ಲಿ ಆಡುವ ಚೆಂಡನ್ನೇ ಬಳಸುತ್ತಾರೋ ಸವೆದ ರೇಂಜ್ ಚೆಂಡನ್ನೋ. ಚಾಪೆ ತಪ್ಪನ್ನು ಮುಚ್ಚುತ್ತದೆ. ಚೆಂಡಿನ ಹಿಂದೆ ನೆಲಕ್ಕೆ ತಗುಲಿದರೂ ಕ್ಲಬ್ ಜಾರಿ ಮುಂದೆ ಹೋಗಿ ಹೊಡೆತ ಸರಿಯಾಗಿಯೇ ಕಾಣುತ್ತದೆ. ಹಳೆಯ ಚೆಂಡು ದೂರದ ಅಂದಾಜನ್ನೇ ಕೆಡಿಸುತ್ತದೆ.

ನೋಡಬೇಕಾದದ್ದು ಗ್ರೀನಿನ ಸುತ್ತ. ಕಾಲೇಜು ಗಾಲ್ಫಿಗೆ ಬರುವ ಹೊತ್ತಿಗೆ ಎಲ್ಲರ ಸ್ವಿಂಗೂ ಚೆನ್ನಾಗಿಯೇ ಇರುತ್ತದೆ. ಒಬ್ಬಳಿಂದ ಇನ್ನೊಬ್ಬಳು ಬೇರೆಯಾಗುವುದು ನೂರು ಗಜದ ಒಳಗೆ. ಒಳ್ಳೆಯ ಚಿಪ್ಪಿಂಗ್ ಜಾಗದಲ್ಲಿ ಕನಿಷ್ಠ ಎರಡು ಮೂರು ಗ್ರೀನ್‌ಗಳಿದ್ದು, ಅವುಗಳಿಗೆ 30, 50, 80 ಗಜಗಳಿಂದ ಅಡ್ಡಿಯಿಲ್ಲದೆ ಹೊಡೆಯಲು ಸಾಧ್ಯವಾಗಬೇಕು. ಮರಳು ಹೊಂಡಗಳಾದ ಬಂಕರುಗಳಲ್ಲಿ ಒಂದು ಆಳ, ಒಂದು ಚಪ್ಪಟೆ ಇರಬೇಕು. ಇಳಿಜಾರಿನಲ್ಲಿ ನಿಂತು, ಚೆಂಡು ಪಾದಕ್ಕಿಂತ ಮೇಲೆ ಕೆಳಗೆ ಇರುವಂತೆ ಹೊಡೆಯಲು ದಿಬ್ಬಗಳಿರಬೇಕು. ಟೆಕ್ಸಸ್ ವಿಶ್ವವಿದ್ಯಾಲಯದವರು ಆಸ್ಟಿನ್‌ನ ತಮ್ಮ ಕ್ಲಬ್ಬಿನಲ್ಲಿ ತಂಡಕ್ಕೆಂದು ಆರು ಹೋಲ್‌ಗಳ ಪಾರ್-3 ಕೋರ್ಸನ್ನೇ, ಅಂದರೆ ಪ್ರತಿ ಹೋಲನ್ನು ಮೂರು ಹೊಡೆತಗಳಲ್ಲಿ ಮುಗಿಸಬೇಕಾದ ಗಿಡ್ಡ ಕೋರ್ಸನ್ನೇ ಮಾಡಿಕೊಂಡಿದ್ದಾರೆ. ಹಳೆಯ ವಿದ್ಯಾರ್ಥಿ ಜೋರ್ಡನ್ ಸ್ಪೀತ್ ಹೆಸರಿನ 'ಸ್ಪೀತ್ ಲೋವರ್ 40' ಅದು. ಸ್ಟ್ಯಾನ್‌ಫರ್ಡ್‌ನವರಿಗೆ 1930ರಲ್ಲಿ ತೆರೆದ ಸುಂದರ ಕೋರ್ಸ್ ಇದ್ದೇ ಇತ್ತು. ಆದರೂ ಅವರು ತಂಡದ ತರಬೇತಿಗೆಂದು ಸೀಬಲ್ ಸಂಕೀರ್ಣವನ್ನು ಬೇರೆಯಾಗಿ ಕಟ್ಟಿದರು. 18 ಹೋಲ್‌ಗಳಿದ್ದವರೂ ಅಷ್ಟು ಸಾಲದು ಎಂದುಕೊಂಡದ್ದಕ್ಕೆ ಕಾರಣವಿದೆ. ಒಂದು ಸುತ್ತಿನಲ್ಲಿ ನಿಮ್ಮ ಮಗಳಿಗೆ ಬಂಕರ್ ಹೊಡೆತ ಎರಡೋ ಮೂರೋ ಬಾರಿ ಬರುತ್ತದೆ. ಅದನ್ನು ಕಲಿಯಲು ನೂರು ಬಾರಿ ಹೊಡೆಯಬೇಕು, ಹಿಂದೆ ನಿಂತ ಸದಸ್ಯರು ಗೊಣಗದ ಜಾಗದಲ್ಲಿ ಹೊಡೆಯಬೇಕು.

ಹುಲ್ಲಿನ ವಿಷಯ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಗಾಲ್ಫಿನವರು ಬರ್ಮುಡಾ ಎನ್ನುವುದು ನಮ್ಮ ಗಣಪತಿ ಪೂಜೆಯ ಗರಿಕೆಯ ವಂಶದ್ದೇ. ಗರಿಕೆಯನ್ನು ಆಫ್ರಿಕಾದ ಇನ್ನೊಂದು ಪ್ರಭೇದದೊಂದಿಗೆ ಕೂಡಿಸಿದ ತಳಿಗಳು ಬಿಸಿಲು ನಾಡಿನ ಕೋರ್ಸುಗಳಲ್ಲೆಲ್ಲ ಇವೆ. ಕರ್ನಾಟಕದಲ್ಲಿ ಬೆಳೆದವರ ಕೈಗೆ ಇದೇ ಅಭ್ಯಾಸ. ಬರ್ಮುಡಾದ ಎಲೆ ಬಿರುಸು, ಒಂದು ದಿಕ್ಕಿಗೆ ವಾಲಿ ಬೆಳೆಯುತ್ತದೆ. ಅದರ ವಾಲಿಗೆ ಎದುರಾಗಿ ಚಿಪ್ ಮಾಡಿದರೆ ಕ್ಲಬ್ ಸಿಕ್ಕಿಕೊಳ್ಳುತ್ತದೆ, ಪಟ್ ಮಾಡಿದರೆ ಚೆಂಡು ಬೇಗ ನಿಲ್ಲುತ್ತದೆ. ಉತ್ತರದ ಕೋರ್ಸುಗಳ ಬೆಂಟ್ ಹುಲ್ಲು ಮೃದು, ನೆಟ್ಟಗೆ ಬೆಳೆಯುತ್ತದೆ, ಚೆಂಡು ನೆಲದ ಇಳಿಜಾರನ್ನಷ್ಟೇ ಕೇಳುತ್ತದೆ. ಕ್ಯಾಲಿಫೋರ್ನಿಯಾ ಕರಾವಳಿಯ ಪೋವಾ ಹುಲ್ಲು ಬೆಳಗ್ಗೆ ರೇಷ್ಮೆಯಂತಿದ್ದು, ಮಧ್ಯಾಹ್ನ ತೆನೆ ಬಿಟ್ಟು ಚೆಂಡನ್ನು ಕುಣಿಸುತ್ತದೆ. ಅರಿಜೋನದಲ್ಲಿ ಚಳಿಗಾಲಕ್ಕೆ ಬರ್ಮುಡಾ ಒಣಗುವುದರಿಂದ ಶರತ್ಕಾಲದಲ್ಲಿ ಅದರ ಮೇಲೆ ರೈ ಹುಲ್ಲನ್ನು ಬಿತ್ತುತ್ತಾರೆ. ಅದು ಚಿಗುರುವವರೆಗೆ ಕೆಲವು ವಾರ ಕೋರ್ಸುಗಳು ಬಾಗಿಲು ಹಾಕುತ್ತವೆ, ಸರಿಯಾಗಿ ಕಾಲೇಜು ಋತುವಿನ ನಡುವೆ.

ಒಳ್ಳೆಯ ಅಭ್ಯಾಸ ಕೇಂದ್ರ ಒಂದಕ್ಕಿಂತ ಹೆಚ್ಚು ಬಗೆಯ ಹುಲ್ಲನ್ನು ಅಥವಾ ಕನಿಷ್ಠ ಒಂದಕ್ಕಿಂತ ಹೆಚ್ಚು ಎತ್ತರಕ್ಕೆ ಕತ್ತರಿಸಿದ ಹುಲ್ಲನ್ನು ಇಟ್ಟುಕೊಳ್ಳುತ್ತದೆ. ಅಭ್ಯಾಸದ ಗ್ರೀನ್ ಎಷ್ಟು ವೇಗದಲ್ಲಿ ಇಡುತ್ತೀರಿ ಎಂದು ಕೇಳಿ. ಸಣ್ಣ ಇಳಿಜಾರಿನಿಂದ ಬಿಟ್ಟ ಚೆಂಡು ಗ್ರೀನಿನ ಮೇಲೆ ಎಷ್ಟು ದೂರ ಉರುಳುತ್ತದೆ ಎಂದು ಹೇಳುವ ಸ್ಟಿಂಪ್‌ಮೀಟರ್ ಅಳತೆಯಲ್ಲಿ ದೊಡ್ಡ ಟೂರ್ನಿಗಳು ಸಾಮಾನ್ಯವಾಗಿ 11 ಅಡಿಯ ಆಸುಪಾಸಿನಲ್ಲಿ ಅಥವಾ ಮೇಲೆ ಇರುತ್ತವೆ. ಸಾರ್ವಜನಿಕರು ಆಡುವ ಕೋರ್ಸಿನಲ್ಲಿ ಅಷ್ಟು ವೇಗ ಇಟ್ಟರೆ ಆಟ ಮುಂದೆ ಸಾಗುವುದೇ ಇಲ್ಲ, ಹಾಗಾಗಿ ನಿಧಾನವಾಗಿಯೇ ಇಡುತ್ತಾರೆ. ತಂಡಕ್ಕೆ ಮೀಸಲಾದ ಗ್ರೀನ್ ಬೇಕು ಎಂದು ಕೋಚ್‌ಗಳು ಹಟ ಹಿಡಿಯುವುದು ಇದಕ್ಕೇ. ದಕ್ಷಿಣದ ಕಾಲೇಜಿನ ಪರವಾಗಿ ಹೇಳಬಹುದಾದ ದೊಡ್ಡ ಮಾತೆಂದರೆ, ಅವರ ಭವ್ಯ ಕೇಂದ್ರದಲ್ಲಿ ಇಂಥ ಗ್ರೀನ್ ಇದ್ದೀತು. ಅಲ್ಲಿನ ಲಾಕರ್‌ಗಳ ಮರ ಯಾವುದು, ಟಿವಿ ಎಷ್ಟು ದೊಡ್ಡದು ಎಂಬುದನ್ನು ವಿಡಿಯೊ ಚೆನ್ನಾಗಿ ತೋರಿಸಿರುತ್ತದೆ, ಗ್ರೀನಿನ ವೇಗವನ್ನು ತೋರಿಸಿರುವುದಿಲ್ಲ.

ಚಳಿಯ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದ ತುಂಬ ಆ ಆತಂಕವಿದೆ. ಉತ್ತರದಲ್ಲಿ ನವೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಹೊರಗೆ ಆಡುವುದು ಹೆಚ್ಚುಕಡಿಮೆ ಇಲ್ಲ. ಆದರೆ ಆ ಕಾರಣಕ್ಕೇ ಅಲ್ಲಿನ ಕಾಲೇಜುಗಳು ಒಳಾಂಗಣ ಕೇಂದ್ರಗಳನ್ನು ಗಂಭೀರವಾಗಿ ಕಟ್ಟಿವೆ. ಇಲಿನಾಯ್ ವಿಶ್ವವಿದ್ಯಾಲಯದ ಡೆಮಿರ್ಜಿಯನ್ ಕೇಂದ್ರ 2007ರಿಂದ ಇದೆ. ಮೈಕ್ ಸ್ಮಾಲ್ ಅವರ ಪುರುಷರ ತಂಡ ಅದನ್ನಿಟ್ಟುಕೊಂಡೇ ಬಿಸಿಲು ನಾಡಿನವರೊಂದಿಗೆ ಸೆಣಸುತ್ತ 2013ರಲ್ಲಿ ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು. ನಿಮ್ಮ ಮಗಳಿಗೆ ಹೇಳಬೇಕಾದ ಉದಾಹರಣೆ ಮಾತ್ರ ನಾರ್ತ್‌ವೆಸ್ಟರ್ನ್. ಶಿಕಾಗೊ ಪಕ್ಕದ ಎವನ್‌ಸ್ಟನ್, ಮಿಷಿಗನ್ ಸರೋವರದ ಗಾಳಿ ಬೀಸುವ ಊರು. ಕ್ಯಾಂಪಸ್ಸಿನಲ್ಲಿ ಗ್ಲೀಚರ್ ಹೆಸರಿನ ಒಳಾಂಗಣ ಕೇಂದ್ರವಿದೆ. ಹೊರಗಿನ ಅಭ್ಯಾಸಕ್ಕೆ ಗ್ಲೆನ್ ಕ್ಲಬ್ಬಿನಲ್ಲಿ, ಹಳೆಯ ವಿದ್ಯಾರ್ಥಿ ಲ್ಯೂಕ್ ಡೊನಾಲ್ಡ್ ಹೆಸರಿನ ಜಾಗವಿದೆ. 2025ರ ಮಹಿಳೆಯರ ಫೈನಲ್‌ನಲ್ಲಿ ಈ ತಂಡ ಸೋಲಿಸಿದ್ದು ಯಾರನ್ನು? ಹಿಂದಿನ ವರ್ಷದ ಚಾಂಪಿಯನ್, ಕ್ಯಾಲಿಫೋರ್ನಿಯಾದ ಬಿಸಿಲು, 18 ಹೋಲ್‌ಗಳ ಸ್ವಂತ ಕೋರ್ಸ್, ಸೀಬಲ್ ಸಂಕೀರ್ಣ ಎಲ್ಲವೂ ಇದ್ದ ಸ್ಟ್ಯಾನ್‌ಫರ್ಡನ್ನು, 3-2ರಿಂದ.

ಒಳಾಂಗಣ ಕೇಂದ್ರಗಳೆಲ್ಲ ಒಂದೇ ಅಲ್ಲ ಎಂಬುದೂ ನಿಜ. ನಾಲ್ಕು ಬಲೆ, ಎರಡು ಸಿಮ್ಯುಲೇಟರ್ ಇಟ್ಟು ಕೇಂದ್ರ ಎಂದು ಕರೆಯುವವರೂ ಇದ್ದಾರೆ. ಬಾಗಿಲು ಮೇಲೆತ್ತಿದರೆ ಹೊರಗಿನ ರೇಂಜಿಗೆ ನಿಜವಾದ ಚೆಂಡು ಹೊಡೆಯಬಹುದಾದ, ಒಳಗಿನ ಕೃತಕ ಗ್ರೀನಿನಲ್ಲಿ ಏರಿಳಿತವಿರುವ, ಛಾವಣಿ ಎತ್ತರವಾಗಿ, ಚೆಂಡನ್ನು ಮೇಲಕ್ಕೆ ಎತ್ತುವ ವೆಜ್ ಕೋಲಿನ ಹೊಡೆತ ಪೂರ್ತಿ ಹಾರಿ ನೆಲಕ್ಕಿಳಿಯುವುದನ್ನು ನೋಡಬಹುದಾದ ಕಟ್ಟಡ ಬೇರೆಯೇ. ಸ್ವಿಂಗ್ ತಿದ್ದಿಕೊಳ್ಳಲು ಮೂರು ತಿಂಗಳ ಚಳಿಗಾಲ ಕೆಟ್ಟದ್ದೇನಲ್ಲ. ಸ್ಕೋರಿನ ಚಿಂತೆಯಿಲ್ಲದೆ ಕೆಲಸ ಮಾಡಲು ಬಿಸಿಲು ನಾಡಿನವರಿಗೆ ಅಂಥ ಬಿಡುವು ಸಿಗುವುದಿಲ್ಲ. ಆದರೆ ನಿಮ್ಮ ಮಗಳ ಆಟದಲ್ಲಿ ಈಗ ಹಿಂದುಳಿದಿರುವುದು ಗ್ರೀನಿನ ಸುತ್ತಲಿನ ಹೊಡೆತವಾದರೆ ಚಳಿಗಾಲ ಅವಳಿಗೆ ನಷ್ಟವೇ. ಕೃತಕ ಹುಲ್ಲು ಅದನ್ನು ಕಲಿಸಲಾರದು. ಆಗ ತಂಡ ಜನವರಿ ಫೆಬ್ರುವರಿಯಲ್ಲಿ ಎಷ್ಟು ಬಾರಿ ಫ್ಲೋರಿಡಾಕ್ಕೋ ಅರಿಜೋನಕ್ಕೋ ಹೋಗಿ ಅಭ್ಯಾಸ ಮಾಡುತ್ತದೆ, ಟೂರ್ನಿಗೆ ಆಯ್ಕೆಯಾಗದವರನ್ನೂ ಕರೆದೊಯ್ಯುತ್ತದೆಯೇ ಎಂಬುದು ನಿರ್ಣಾಯಕ. ಇದನ್ನು ಅವಳ ಕೋಚ್ ಜೊತೆ ಕೂತು ಮೊದಲು ತೀರ್ಮಾನಿಸಿ.

ಹಣದ ಬಗ್ಗೆ ಒಂದೇ ಮಾತು. 2025-26ರಿಂದ, ಆಟಗಾರರಿಗೆ ಆದಾಯದ ಪಾಲು ಕೊಡುವ ಹೊಸ ವ್ಯವಸ್ಥೆಗೆ ಒಪ್ಪಿಕೊಂಡ ವಿಶ್ವವಿದ್ಯಾಲಯಗಳಲ್ಲಿ ಗಾಲ್ಫ್ ತಂಡಕ್ಕೆ ಒಂಬತ್ತು ಜನರ ಮಿತಿ ಬಂದಿದೆ. ಹಿಂದೆ ಮಹಿಳೆಯರ ತಂಡಕ್ಕೆ ಆರು ಪೂರ್ಣ ವಿದ್ಯಾರ್ಥಿವೇತನಗಳನ್ನು ಹಂಚಿ ಕೊಡಬೇಕಿತ್ತು, ಈಗ ಒಂಬತ್ತು ಜನರಿಗೂ ಕೊಡಬಹುದು. ಕೊಡಲೇಬೇಕೆಂದಿಲ್ಲ. ಉತ್ತರದವರು ಹೆಚ್ಚು ಕೊಡುತ್ತಿದ್ದರೆ ಅದು ನಾಲ್ಕೂ ವರ್ಷಕ್ಕೆ ಬರವಣಿಗೆಯಲ್ಲಿದೆಯೇ ನೋಡಿ. ಭವ್ಯ ಕೇಂದ್ರಕ್ಕಾಗಿ ಸಾಲ ಮಾಡಿ ಕಳಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಭೇಟಿಯ ಬಗ್ಗೆ. ನೀವು ಹೋದಾಗ ಕೋಚ್ ನಿಮ್ಮ ಮಗಳನ್ನು ಆಡಿಸಿ ಪರೀಕ್ಷಿಸುವಂತಿಲ್ಲ, ಎನ್‌ಸಿಎಎಯ ಅತಿ ಮೇಲಿನ ವಿಭಾಗವಾದ ಪ್ರಥಮ ದರ್ಜೆಯಲ್ಲಿ ಅದಕ್ಕೆ ನಿಷೇಧವಿದೆ. ಆದರೆ ಕೋಚ್ ಏರ್ಪಡಿಸದ, ಕೋಚ್ ನೋಡದ ಆಟವನ್ನು ಮನರಂಜನೆಗಾಗಿ ಆಡಲು ಅಡ್ಡಿಯಿಲ್ಲ. ಎಷ್ಟೋ ಪೋಷಕರು ಇದನ್ನು ತಿಳಿಯದೆ ಆಡುವ ಕೋಲುಗಳನ್ನೇ ಕೊಂಡೊಯ್ಯುವುದಿಲ್ಲ. ಕೊಂಡೊಯ್ಯಿರಿ. ನಿಯಮ ಪಾಲಿಸುವ ಬಗೆಯನ್ನು ಕೋಚ್ ಬಳಿಯೇ ಮುಂಚಿತವಾಗಿ ಕೇಳಿಕೊಂಡು, ಅವಳು ತವರು ಕೋರ್ಸಿನಲ್ಲಿ ಒಂದು ಸುತ್ತು ಆಡಲಿ. ಎಷ್ಟು ಹೋಲ್‌ಗಳಲ್ಲಿ ಎರಡನೆಯ ಹೊಡೆತಕ್ಕೆ ಐರನ್ ಬಳಸಿದಳು, ಎಷ್ಟರಲ್ಲಿ ಇನ್ನೂ ದೂರ ಹೊಡೆಯುವ ಹೈಬ್ರಿಡ್ ಎತ್ತಿಕೊಳ್ಳಬೇಕಾಯಿತು ಎಂದು ನೀವು ಪಕ್ಕದಲ್ಲಿ ನಡೆದು ಬರೆದುಕೊಳ್ಳಿ. ಅರ್ಹತಾ ಸುತ್ತುಗಳಲ್ಲಿ ಅವಳ ಗತಿ ಏನಾಗಬಹುದೆಂದು ಆ ಹಾಳೆಯೇ ಹೇಳುತ್ತದೆ. ಆಮೇಲೆ ತಂಡದ ಹುಡುಗಿಯರ ಜೊತೆ, ಕೋಚ್ ಇಲ್ಲದಾಗ, ಮಾತನಾಡಲು ಬಿಡಿ. ಕಳೆದ ಭಾನುವಾರ ನೀವು ಎಲ್ಲಿ ಅಭ್ಯಾಸ ಮಾಡಿದಿರಿ, ಹೇಗೆ ಹೋದಿರಿ ಎಂದು ಅವಳು ಕೇಳಲಿ. ಸೌಲಭ್ಯ ಹೇಗಿದೆ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ.

ಎರಡೂ ಕಡೆಗೆ ಹೋಗಲು ಆಗದಿದ್ದರೆ ಉತ್ತರಕ್ಕೆ ಹೋಗಿ, ಜನವರಿ ಕೊನೆಯಲ್ಲಿ ಹೋಗಿ. ಡಿಸೆಂಬರ್ ಕೊನೆಗೆ ಕ್ಯಾಂಪಸ್ಸೇ ಖಾಲಿ ಇರುತ್ತದೆ, ಸೆಪ್ಟೆಂಬರಿನಲ್ಲಿ ಉತ್ತರ ಕೂಡ ಸ್ವರ್ಗದಂತೆ ಕಾಣುತ್ತದೆ. ದಕ್ಷಿಣದ ಕಾಲೇಜಿನ ವಿಡಿಯೊ ಕರೆಗೆ ಕೋಚ್ ಬದಲು ತಂಡದ ಎರಡನೆಯ ವರ್ಷದ ಹುಡುಗಿಯೊಬ್ಬಳನ್ನು ಕೇಳಿಕೊಳ್ಳಿ. ವಾರದ ದಿನ ಸಂಜೆ ನಾಲ್ಕಕ್ಕೆ ಮೊಬೈಲ್ ಹಿಡಿದು ಚಿಪ್ಪಿಂಗ್ ಗ್ರೀನಿನ ಸುತ್ತ ಒಮ್ಮೆ ನಡೆಯಲಿ. ಆ ಹೊತ್ತಿಗೆ ಇಲ್ಲಿ ನಡುರಾತ್ರಿ ದಾಟಿರುತ್ತದೆ, ಎಚ್ಚರವಿರಬೇಕಾದೀತು. ಪ್ರಥಮ ಪಿಯುಸಿ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡು ಟಿಕೆಟ್ ಮಾಡಿಸಿ, ಮಗಳಿಗೆ ದಪ್ಪನೆಯ ಕೋಟೊಂದನ್ನು ಈಗಲೇ ಕೊಡಿಸಿ.